ಒಳಗಿನವರ ಮಡಿ, ಹೊರಗಿನವಳ ಕೆಲಸ

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ, ಕೋಡ್ ಬರೆಯುವ ಹೊಸ ಪದ್ಧತಿ ಕಲಿಸಲು ನಮ್ಮ ಆಫೀಸಿಗೆ ಬಂದಾತ ಮೊದಲ ದಿನವೇ ಪ್ಯೂರ್ ಫಂಕ್ಷನ್ ಅಂದರೆ ಏನೆಂದು ಹೇಳಿದ. ಅದೊಂದು ಕೋಡಿನ ತುಣುಕು, ಒಳಗೆ ಕೊಟ್ಟದ್ದು ಒಂದೇ ಆದರೆ ಹೊರಗೆ ಬರುವ ಉತ್ತರವೂ ಯಾವಾಗಲೂ ಒಂದೇ. ಅದು ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ, ಹೊರಗಿನದು ಯಾವುದೂ ಅದನ್ನು ಮುಟ್ಟಕೂಡದು. ಉಳಿದವರೆಲ್ಲ ಹೊಸ ವೇದ ಕೇಳಿದವರಂತೆ ತಲೆದೂಗಿದರು. ನನಗೆ ಮಾತ್ರ ಮೈ ಉರಿಯಿತು. ಇದನ್ನು ಕೇಳಲು ಏಸಿ ರೂಮಿಗೆ ಬರಬೇಕಿತ್ತೇ? ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುವುದೂ ಇದೇ.

ನಮ್ಮ ಅತ್ತೆ ಮಡಿಯವರು. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಹಾಕಿದ ಸೀರೆ ಉಟ್ಟು ಒಲೆ ಮುಂದೆ ನಿಂತರೆ ಮುಗಿಯಿತು, ನೈವೇದ್ಯ ಆಗುವವರೆಗೆ ಯಾರನ್ನೂ ಮುಟ್ಟುವುದಿಲ್ಲ. ಆದರೆ ಗ್ಯಾಸಿನವನು ಬರುತ್ತಾನಲ್ಲ, ಹಾಲಿನವನು ಬೆಲ್ ಒತ್ತುತ್ತಾನಲ್ಲ?

“ಏ, ಬಾಗಲದಾಗ ಯಾರೋ ಬಂದಾರ, ಹೋಗಿ ನೋಡ! ನಾ ಮಡಿಯೊಳಗಿದ್ದೀನಿ!”

ಲ್ಯಾಪ್‌ಟಾಪ್ ಬಿಟ್ಟು ನಾನೇ ಏಳಬೇಕು. ಅವರ ಮಡಿ ಉಳಿಯುವುದೇ ನಾನು ಬಾಗಿಲಲ್ಲಿ ನಿಂತಿರುವುದರಿಂದ. ಪುಣ್ಯ ಅವರಿಗೆ, ಓಡಾಟ ನನಗೆ.

ಆದರೂ ಕಲಿತೆ. ಸಿಟ್ಟಿನಲ್ಲೇ ಕಲಿತೆ ಅನ್ನಿ. ನಾಚಾರಂನ ಒಂದು ಔಷಧ ಕಾರ್ಖಾನೆಗೆ ನಮ್ಮ ಕಂಪನಿ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ತಯಾರಾದ ಒಂದೊಂದು ಬ್ಯಾಚ್ ಔಷಧವನ್ನೂ ಮಾರುಕಟ್ಟೆಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ನಿಯಮವನ್ನು ಹಿಂದೆ ಹಳೆಯ ಪದ್ಧತಿಯಲ್ಲಿ ಬರೆದವಳು ನಾನೇ. ಈಗ ಅದನ್ನೆಲ್ಲ ಹೊಸ ಪದ್ಧತಿಯಲ್ಲಿ ಬರೆಯಬೇಕಿತ್ತು. ಆ ನಿಯಮ ನನ್ನ ಕೈಗೇ ಬರಬೇಕೆಂಬುದು ನನ್ನ ಹಟ. ಬಾರದಿದ್ದರೆ ನನ್ನನ್ನು ಫೋನ್ ಎತ್ತುವ ಸಪೋರ್ಟ್ ಕೆಲಸಕ್ಕೆ ತಳ್ಳುತ್ತಾರೆಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೋಠಿಯ ಹಳೆ ಪುಸ್ತಕದ ಅಂಗಡಿಗಳಿಗೆ ಹೋಗಿ ಪುಸ್ತಕ ತಂದೆ, ಮೆಟ್ರೋದಲ್ಲಿ ನಿಂತುಕೊಂಡೇ ಓದಿದೆ. ಮೊದಮೊದಲು ತಲೆ ಚಿಟ್ಟು ಹಿಡಿಯಿತು. ಒಂದು ಹೆಸರಿಗೆ ಒಮ್ಮೆ ಕೊಟ್ಟ ಮೌಲ್ಯವನ್ನು ಬದಲಿಸಬಾರದಂತೆ. ಬದಲಿಸದೆ ಲೆಕ್ಕ ಮಾಡುವುದು ಹೇಗೆ, ನನ್ನ ತಲೆ? ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಬೇಡವಂತೆ, ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳಬೇಕಂತೆ. ಬೈದುಕೊಳ್ಳುತ್ತಲೇ ಒಂದು ದಿನ, ಬ್ಯಾಚಿನ ಮಾಹಿತಿಯನ್ನು ತಿದ್ದುವ ಬದಲು ಹಳೆಯದನ್ನು ಹಾಗೇ ಬಿಟ್ಟು, ಬೇಕಾದ ಬದಲಾವಣೆಯೊಂದಿಗೆ ಹೊಸದನ್ನು ಮಾಡಿಕೊಡುವ ಪುಟ್ಟ ಫಂಕ್ಷನ್ ಬರೆದೆ. ಅದನ್ನು ಇನ್ನೊಂದಕ್ಕೆ ಜೋಡಿಸಿದೆ, ಆ ಇನ್ನೊಂದನ್ನು ಮತ್ತೊಂದಕ್ಕೆ. ಪುಟಗಟ್ಟಲೆ ಇದ್ದ ಹಳೆಯ ಗೋಜಲು ಒಂದು ಪರದೆಯಲ್ಲಿ ಹಿಡಿಯಿತು. ಯಾವ ಸಾಲು ಯಾವುದನ್ನು ಕೆಡಿಸಿತೆಂದು ಹುಡುಕುವ ಕಾಟವೇ ಇಲ್ಲ. ಎಂಥಾ ಚೆಂದ! ಅಷ್ಟು ಖುಷಿಯನ್ನು ನೌಕರಿ ನನಗೆ ಎಂದೂ ಕೊಟ್ಟಿರಲಿಲ್ಲ.

ಕೆಲಸ ಹಂಚುವ ದಿನ ನಮ್ಮ ಟೀಮ್ ಲೀಡ್, ರಾಯಚೂರು ಕಡೆಯವ, ನನಗಿಂತ ಚಿಕ್ಕವ, ನಿಯಮಗಳನ್ನೆಲ್ಲ ತನಗೂ ತನ್ನ ಇಬ್ಬರು ಗೆಳೆಯರಿಗೂ ಇಟ್ಟುಕೊಂಡ. ಒಳಗಿನ ತಿರುಳೆಲ್ಲ ಪ್ಯೂರ್ ಆಗಿರಬೇಕು. ಡೇಟಾಬೇಸು, ಫೈಲು, ಕಾರ್ಖಾನೆಯವರ ಜೊತೆ ಮಾತುಕತೆ, ಇವೆಲ್ಲ ಹೊರಗಿನ ಕೆಲಸ. ಅದು ನನಗೆ.

“ಅಕ್ಕಾರ, ಹೊರಗಿಂದು ನೀವ ನೋಡ್ಕೋರಿ. ನಿಮಗ ಭಾಳ ಅನುಭವ ಐತಿ,” ಎಂದ.

“ಆ ನಿಯಮ ಬರದಾಕಿನ ನಾನಪ್ಪಾ. ನನ್ನ ಅನುಭವ ಒಳಗ ಬ್ಯಾಡೇನು?”

“ಹಂಗಲ್ರಿ ಅಕ್ಕಾರ, ಇದು ಹೊಸಾ ಥರಾ ವಿಚಾರ ಮಾಡೋ ಕೆಲಸ. ಆಮ್ಯಾಲ ನೋಡೋಣಂತ.”

ಆಮೇಲೆ ನೋಡೋಣ ಅಂದರೆ ಎಂದಿಗೂ ಇಲ್ಲ ಎಂದು ಅರ್ಥ. ಇಷ್ಟು ವರ್ಷ ನೌಕರಿ ಮಾಡಿದವಳಿಗೆ ಅಷ್ಟೂ ತಿಳಿಯದೇ? ಪಾಠ ಕಲಿಸಲು ಬಂದಾತ ಹೊರಗಿನದು ಕೀಳು ಎಂದು ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಇವರು ತಮ್ಮ ತಮ್ಮ ಮನೆಯಿಂದ ತಂದರು. ಕೋಡಿಗೆ ಹೇಳಿದ ಮಡಿಯನ್ನು ಮನುಷ್ಯರಿಗೆ ಹಚ್ಚಿದರು. ಮನೆಯಲ್ಲೂ ಬಾಗಿಲು, ಆಫೀಸಿನಲ್ಲೂ ಬಾಗಿಲು! ಥೂ ಇವರ.

ಹೊಸ ಸಾಫ್ಟ್‌ವೇರನ್ನು ಕಾರ್ಖಾನೆಯವರಿಗೆ ಪರೀಕ್ಷೆಗೆ ಕೊಟ್ಟಾಗ, ನಿನ್ನೆ ‘ಬಿಡಬಹುದು’ ಎಂದಿದ್ದ ಬ್ಯಾಚಿಗೇ ಇಂದು ‘ಬಿಡಬಾರದು’ ಎಂಬ ಉತ್ತರ ಬಂತು. ಎಲ್ಲರೂ ನೆಟ್ಟಗೆ ನನ್ನ ಮೇಜಿಗೆ ಬಂದರು. ನೋಡುವ ಮೊದಲೇ ತೀರ್ಪು: ಹೊರಗಿಂದ ಬಂದ ಮಾಹಿತಿಯಲ್ಲೇ ಕೊಳೆ ಇದೆ. ಎರಡೂ ದಿನ ಒಳಗೆ ಹೋದ ಮಾಹಿತಿಯನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಮೇಲೆ ಅವರ ಫಂಕ್ಷನ್ ತೆಗೆದು ನೋಡಿದೆ. ಔಷಧದ ಅವಧಿ ಮುಗಿಯಲು ಎಷ್ಟು ದಿನ ಉಳಿದಿದೆ ಎಂದು ತಿಳಿಯಲು ಲೀಡ್ ಒಳಗಿನಿಂದಲೇ ಕಂಪ್ಯೂಟರಿನ ಗಡಿಯಾರ ನೋಡಿ ಆ ದಿನದ ತಾರೀಖು ತೆಗೆದುಕೊಂಡಿದ್ದ. ಒಂದು ದಿನ ಕಳೆದು, ಉಳಿದ ದಿನಗಳು ಮಿತಿಗಿಂತ ಕಡಿಮೆಯಾದದ್ದೇ ಉತ್ತರವೂ ಬದಲಾಗಿತ್ತು. ಮಡಿ ಉಟ್ಟು ನಿಂತವನೇ ಕಿಟಕಿಯಿಂದ ಕೈ ಚಾಚಿದ್ದ! ತಾರೀಖು ಕೂಡ ಹೊರಗಿನಿಂದ ಕೈಗೆ ಕೊಡಬೇಕಾದದ್ದು. ಇದು ಮೊದಲ ದಿನದ ಪಾಠ.

“ಸರಿ ಬಿಡ್ರಿ ಅಕ್ಕಾರ, ತಾರೀಖು ಹೊರಗಿಂದ ನೀವ ಕಳಸ್ರಿ. ಮುಗೀತು,” ಎಂದ.

ಆದರೆ ಮೇಲಿನವರಿಗೆ ಅವನು ಬರೆದದ್ದೇನು? ಹೊರಗಿನ ಭಾಗದ ದೋಷ ಸರಿಪಡಿಸಲಾಗಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಮಹಾರಾಯ, ಉಣ್ಣುವವಳು ನಾನು.

ಮರುದಿನ ವಿಡಿಯೋ ಮೀಟಿಂಗಿಗೆ ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಬಂದರು. ತೆಲುಗಿನವರು, ನನ್ನನ್ನು ವರ್ಷಗಳಿಂದ ಬಲ್ಲವರು. ಒಂದೇ ಬ್ಯಾಚಿಗೆ ಎರಡು ಉತ್ತರ ಹೇಗೆ ಬಂತು ಎಂದು ಕೇಳಿದರು. ಲೀಡ್ ರೂಢಿಯಂತೆ ನನ್ನ ಕಡೆ ತಿರುಗಿದ.

“ಅಕ್ಕಾರ, ಹೇಳ್ರಿ.”

ಯಾವಾಗಲೂ ಹೇಳುತ್ತಿದ್ದೆ. ಯಾರ ತಪ್ಪಾದರೂ ಮೆತ್ತಗೆ ಮಾಡಿ ಹೇಳುತ್ತಿದ್ದೆ.

“ಒಳಗಿಂದು ನನಗ ಗೊತ್ತಿಲ್ಲಪ್ಪಾ. ನಾ ಹೊರಗಿನಾಕಿ. ಬರದವ್ರು ನೀವು, ನೀವ ಹೇಳ್ರಿ,” ಎಂದೆ.

ಅವನು ತೆಲುಗಿನಲ್ಲಿ ತೊದಲಿದ. ಆಕೆ ಪೂರ್ತಿ ಕೇಳಿಸಿಕೊಂಡು, ಹಳೆಯ ನಿಯಮ ಬರೆದವರು ಯಾರು ಎಂದರು. ನಾನು ಎಂದೆ. ಹಾಗಾದರೆ ಹೊಸದನ್ನು ನೀವೇ ಯಾಕೆ ಬರೆಯುತ್ತಿಲ್ಲ ಎಂದರು. ನಾನು ಲೀಡಿನ ಕಡೆ ಕೈ ತೋರಿಸಿದೆ. ಅವನು ನೀರಿನ ಬಾಟಲಿ ಹುಡುಕತೊಡಗಿದ.

ಮೀಟಿಂಗ್ ಮುಗಿದ ಮೇಲೆ ನನ್ನ ಮೇಜಿಗೆ ಬಂದ.

“ಅಕ್ಕಾರ, ಆ ನಿಯಮ ನಾಳಿಂದ ನೀವ ತಗೋರಿ. ಹೊರಗಿಂದೂ ಹಂಗ ಜೋಡೀಲೆ ನೋಡ್ಕೊಂತ ಇರ್ರಿ.”

“ಕೆಲಸದ ಪಟ್ಟಿಯೊಳಗ ಹೊರಗಿಂದಕ್ಕ ನಿನ್ನ ಹೆಸರು ಹಾಕೀನಿ,” ಎಂದೆ. “ಬಾಗಲಾ ಕಾಯೋದಕ್ಕೂ ಅಕ್ಕಲ್ ಬೇಕಾಗ್ತದ. ಕಲಿ.”