ಸುಂದರಬಾಯಿಯ ಭರಣಿಗೆ ಒಣಕೈಯೇ ಬೇಕು

ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪಡಸಾಲೆಯ ಚಾಪೆ ತುಂಬ ನಿಂಬೆಹಣ್ಣು. ಅದರ ಮುಂದೆ ಕಾಲು ಚಾಚಿ ಕೂತ ಸುಂದರಬಾಯಿ ಹಳೆಯ ಧೋತರದ ತುಂಡಿನಿಂದ ಒಂದೊಂದೇ ಹಣ್ಣು ಒರೆಸುತ್ತಿದ್ದಾರೆ. ಎಣ್ಣೆ ಸ್ನಾನ ಮಾಡಿಸಿದ ಕೂಸಿನ ಮೈ ಒರೆಸುವಷ್ಟು ನಿಧಾನ. ತೊಟ್ಟಿನ ಬುಡದಲ್ಲಿ ತುಸು ತೇವ ಕಂಡರೂ ಆ ಹಣ್ಣು ಪಕ್ಕಕ್ಕೆ.

"ನಿನ್ನಿ ಸಂಜೀಕ ತೊಳದೇವ್ರಿ. ರಾತ್ರೆಲ್ಲಾ ಗಾಳಿಗಿ ಹಾಕೇವಿ. ಆದ್ರೂ ನೀರು ಕಳ್ಳ ಇದ್ದಂಗ, ಎಲ್ಲಿ ಅಡಗಿರ್ತದೋ ತಿಳಿಯಂಗಿಲ್ಲ," ಎನ್ನುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಎದುರಿಗೆ ಹಣ್ಣು ಆರಿಸುತ್ತ ಕೂತವರು ಖಾಸೀಂಬಿ. ಅಫಜಲಪುರ ಕಡೆಯ ತೋಟಗಳಿಂದ ನಿಂಬೆ ತಂದು ಆಳಂದದ ಸಂತೆಯಲ್ಲಿ ಮಾರುವ ಹಳೆಯ ಗೆಳತಿ. ಸಂತೆಯ ದನಿ ಮನೆಯೊಳಗೂ ಇಳಿಯುವುದಿಲ್ಲ. "ಮದಿವಿ ಹುಡುಗೀನ್ನೂ ಮಂದಿ ಇಷ್ಟು ಹೊಳ್ಳಿಸಿ ಹೊಳ್ಳಿಸಿ ನೋಡಂಗಿಲ್ರಿ! ಇಕಿ ನನ್ ನಿಂಬಿಗಿ ಜಾತಕ ಒಂದು ಕೇಳಿಲ್ಲ ನೋಡ್ರಿ."

"ಮದಿವ್ಯಾಗ ತಪ್ಪಿದ್ರ ಎರಡು ಮನಿಗಷ್ಟ ತ್ರಾಸ ಬೇ. ಇದ್ರಾಗ ತಪ್ಪಿದ್ರ ಊರಿಗೇ ತ್ರಾಸ," ಎಂದು ಸುಂದರಬಾಯಿ ನಗದೆಯೇ ಉತ್ತರಿಸುತ್ತಾರೆ.

ಅವರು ಮಾಡುವುದು ಉಪ್ಪುನಿಂಬೆ. ಖಾರವಿಲ್ಲ, ಎಣ್ಣೆಯಿಲ್ಲ. ಹಣ್ಣು ಸೀಳಿ, ಹರಳುಪ್ಪು ತುಂಬಿ, ಭರಣಿಗೆ ಹಾಕಿ ಬಿಸಿಲಿಗಿಡುವುದು. ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ಭರಣಿಗೆ ಹಳೆಯ ಭರಣಿಯ ರಸ ಒಂದು ಸೌಟು ಬೀಳಲೇಬೇಕು. ಆ ಹಳೆಯ ರಸ ಅತ್ತೆಯ ಕಾಲದ್ದು. ಗಂಡ ಶಿವರಾಯ ಬೇಗ ತೀರಿಕೊಂಡರು. ಮಗ ಕಲ್ಲಿನಾಥನನ್ನು ಬೆಳೆಸಿದ್ದು ಇದೇ ಭರಣಿ. ಹುಳಿ ಹಿಂಡಿ ಸಂಸಾರ ಕೆಡಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹುಳಿಯನ್ನು ಹಿಂಡದೆ, ಉಪ್ಪು ತುಂಬಿ ಸಂಸಾರ ಕಟ್ಟಿದವರು ಇವರು.

ಹಂಗಾಮಿನಲ್ಲಿ ದಿನಕ್ಕೆ ಮುನ್ನೂರರಷ್ಟು ಹಣ್ಣು ಇವರ ಕೈ ದಾಟುತ್ತವೆ. ಹೊಸದು ಸಂತೆಗೆ ಹೋಗುತ್ತದೆ. ಕಪ್ಪಗೆ ಮಾಗಿದ ಹಳೆಯದು ಮಾರಾಟಕ್ಕಿಲ್ಲ. ಬಸುರಿಯರ ವಾಕರಿಕೆಗೆ, ಜ್ವರ ಬಿಟ್ಟೆದ್ದವರ ಕೆಟ್ಟ ಬಾಯಿಗೆ ಒಂದು ತುಣುಕು. ಜೇವರ್ಗಿಯ ಕೊಳಕೂರಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದರೆ ಬಾಟಲಿ ಹಿಡಿದೇ ಈ ಮನೆಗೆ ಬರುತ್ತಾರೆ. "ಜಡ್ಡಿಗಿ ದವಾಖಾನಿ ಅದ. ಇದು ಬಾಯಿಗಷ್ಟ. ಜ್ವರ ಇದ್ದವ್ರಿಗಿ ಮೊದ್ಲು ಡಾಕ್ಟರ್ ಕಡಿ ನಡೀರಿ ಅಂತೇನಿ," ಎಂದು ಸುಂದರಬಾಯಿ ಖಡಾಖಂಡಿತ ಹೇಳುತ್ತಾರೆ.

ನಿಂಬೆಯ ಆಮ್ಲ, ಸಿಪ್ಪೆಯ ಎಣ್ಣೆ, ಉಪ್ಪು ಮೂರೂ ಕೂಡಿದ ಕಡೆ ಕೊಳೆಸುವ ಸೂಕ್ಷ್ಮಜೀವಿಗಳು ಬಹುಪಾಲು ಬಾಳಲಾರವು. ನೀರು ಸೇರಿ ಹುಳಿ, ಉಪ್ಪು ತೆಳುವಾದರೆ ಅವಕ್ಕೆ ಅದೇ ಹಬ್ಬ. ಹೋದ ಶ್ರಾವಣದಲ್ಲಿ ಈ ಮನೆಯಲ್ಲಿ ಆದದ್ದು ಅದೇ.

ಊರಲ್ಲಿ ಜ್ವರವಿತ್ತು, ಭರಣಿ ಕೇಳಿಕೊಂಡು ಬರುವವರು ಹೆಚ್ಚಿದ್ದರು. ಕಲ್ಲಿನಾಥನ ಹೆಂಡತಿ ಶೈಲಶ್ರೀ ದಿನವೂ ಇಷ್ಟಲಿಂಗ ಪೂಜೆ ಮುಗಿಸಿ, ಲಿಂಗದ ತೀರ್ಥವಾದ ಪಾದೋದಕದಲ್ಲಿ ಒಂದೊಂದು ಚಮಚ ಹಳೆಯ ಭರಣಿಗೆ ಹಾಕುತ್ತ ಬಂದಳು. ತಿಂದವರಿಗೆ ಲಿಂಗದ ಆಶೀರ್ವಾದವೂ ಮುಟ್ಟಲಿ ಎಂಬ ಆಸೆ. ಶ್ರಾವಣ ಮುಗಿದು ಮುಚ್ಚಳ ತೆಗೆದರೆ ರಸದ ಮೇಲೆ ಬಿಳಿ ಬೂಸರು.

"ನಾ ಬೈಲಿಲ್ರಿ. ತಪ್ಪು ಭಕ್ತೀದಲ್ಲ, ನೀರಿಂದು," ಎನ್ನುತ್ತಾರೆ ಸುಂದರಬಾಯಿ. ಆದರೆ ಭರಣಿಯನ್ನು ಏನು ಮಾಡುವುದು? ಪಾದೋದಕ ಬಿದ್ದದ್ದನ್ನು ಮೋರಿಗೆ ಚೆಲ್ಲುವಂತಿಲ್ಲ. ಬೂಸರು ಬಂದದ್ದನ್ನು ಜಡ್ಡಿನವರ ಬಾಯಿಗೆ ಇಡುವಂತಿಲ್ಲ. ಗಿಡದ ಬುಡಕ್ಕೆ ಸುರಿದರೆ ಉಪ್ಪಿಗೆ ಗಿಡವೇ ಒಣಗುತ್ತದೆ. ಭರಣಿ ವಾರಗಟ್ಟಲೆ ಮೂಲೆಯಲ್ಲಿ ಕೂತಿತ್ತು. ಶೈಲಶ್ರೀ ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಳು.

ದಾರಿ ತೋರಿಸಿದ್ದು ಖಾಸೀಂಬಿ. "ಹಿತ್ತಾಳಿ ಸಾಮಾನು ತಿಕ್ಕಾಕ ಮಂದಿ ನನ್ ಕಡಿ ಕೊಳತ ನಿಂಬಿ ಒಯ್ತಾರ. ನೀ ದೇವ್ರ ಸಾಮಾನು ತಿಕ್ಕು. ನಿಮ್ ದೇವ್ರ ನೀರು ದೇವ್ರಿಗೇ ಮುಟ್ಟಲಿ." ಅಂದಿನಿಂದ ದೇವರ ಜಗಲಿಯ ಆರತಿ, ಗಂಟೆ, ತಂಬಿಗೆ ಆ ರಸದಲ್ಲೇ ಬೆಳಗಿದವು. ತಿಕ್ಕಿದವಳು ಶೈಲಶ್ರೀ.

ಅತ್ತೆಯ ಕಾಲದ ರಸ ಅಲ್ಲಿಗೇ ತೀರಿತೆಂದು ಸುಂದರಬಾಯಿ ಕಣ್ಣೀರು ತೆಗೆದಾಗ ಖಾಸೀಂಬಿ ತಮ್ಮ ಮನೆಯಿಂದ ಒಂದು ಬಾಟಲಿ ತಂದಿಟ್ಟರು. ಹಿಂದೊಮ್ಮೆ ಸುಂದರಬಾಯಿಯೇ ಕೊಟ್ಟದ್ದು. "ಅಳಬ್ಯಾಡ ಸುಂದ್ರಕ್ಕ. ನಿಮ್ಮತ್ತಿ ಎಲ್ಲೀ ಹೋಗಿಲ್ಲ, ನಮ್ಮನಿ ಗೂಡಿನ್ಯಾಗ ಕುಂತಾಳ!"

ಹೀಗೆ ರಸ ಉಳಿಯಿತು, ಅದನ್ನು ಬೆರೆಸಿ ತುಂಬಿದ ಹೊಸ ಭರಣಿಯೂ ಈಗ ಮಾಗಿದೆ. ಶೈಲಶ್ರೀಯ ಕೈ ಮಾತ್ರ ಮತ್ತೆ ಭರಣಿಗೆ ಬಂದಿಲ್ಲ. ಹಣ್ಣು ತೊಳೆಯುತ್ತಾಳೆ, ಉಪ್ಪು ಕುಟ್ಟುತ್ತಾಳೆ, ಮುಚ್ಚಳ ಮುಟ್ಟುವುದಿಲ್ಲ. "ನನಗೇನೂ ಬ್ಯಾಡ್ರಿ. ನನ್ ಕಣ್ಣ ಮುಂದ ಆಕಿ ಒಮ್ಮಿ ಸೌಟು ಹಿಡದ್ರ ಸಾಕು. ಇಲ್ಲಂದ್ರ ಈ ರಸ ನನ್ ಜೋಡೀನೇ ಹೋಗ್ತದ," ಎನ್ನುವಾಗ ಸುಂದರಬಾಯಿಯ ದನಿ ತಗ್ಗುತ್ತದೆ.

ಬಿಸಿಲೇರುವ ಹೊತ್ತಿಗೆ ಓಣಿಯ ಭುವನೇಶ್ವರಿ ಬಟ್ಟಲು ಹಿಡಿದು ಬರುತ್ತಾರೆ. "ಯವ್ವಾ, ನಮ್ಮ ಮಾವಗ ಜ್ವರ ಬಿಟ್ಟಾದ್ರಿ. ಬಾಯಿಗಿ ರುಚೀನೇ ಇಲ್ಲಂತ."

"ಶೈಲಾ, ಒಂದು ತುಣುಕು ತಗದ ಕೊಡು," ಎನ್ನುತ್ತಾರೆ ಸುಂದರಬಾಯಿ.

ಅಡುಗೆಮನೆಯ ಬಾಗಿಲಲ್ಲಿ ಶೈಲಶ್ರೀ ನಿಂತಲ್ಲೇ ನಿಲ್ಲುತ್ತಾಳೆ. "ನೀವೇ ತಗೀರಿ ಅತ್ತಿ."

ಸುಂದರಬಾಯಿ ತಮ್ಮ ಕೈ ನೋಡಿಕೊಳ್ಳುತ್ತಾರೆ. ನಸುಕಿನಿಂದ ಬಟ್ಟೆ ಹಿಡಿದ, ಬೂದಿಯಷ್ಟು ಒಣಗಿದ ಕೈಗಳು. ಅವನ್ನು ಪಕ್ಕದ ನೀರಿನ ಕೊಡದಲ್ಲಿ ಮಣಿಕಟ್ಟಿನವರೆಗೆ ಮುಳುಗಿಸಿ ಎತ್ತುತ್ತಾರೆ.

"ನನ್ ಕೈ ತೊಯ್ದಾವ ನೋಡವ್ವಾ. ಇನ್ನ ನೀನೇ ತಗೀಬೇಕು."

ಶೈಲಶ್ರೀ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಮತ್ತೆ ಒರೆಸಿಕೊಳ್ಳುತ್ತಾಳೆ. ಭರಣಿಯ ಮುಂದೆ ಕೂತು ಮುಚ್ಚಳಕ್ಕೆ ಕೈ ಹಾಕುತ್ತಾಳೆ.

"ಒಣಗ್ಯಾವೇನು?" ಕೇಳುತ್ತಾರೆ ಸುಂದರಬಾಯಿ.

"ಒಣಗ್ಯಾವ್ರಿ ಅತ್ತಿ."