ಇನ್ನೊಂದ ಅಂಗಡಿ ಕೇಳೂಣು

ಹೊಸ ಪಾಸ್‌ಪೋರ್ಟ್ ಮಾಡಿಸಲು ಹಳೆಯದು ಬೇಕು ಅಂದರು. ಹುಡುಕಿದರೆ ಅದು ಅಂಗಡಿಯ ಕಪಾಟಿನ ತಳದಲ್ಲಿ ಸಿಕ್ಕಿತು. ಬಿಡಿಸಿದೆ, ಬಿತ್ತನೆ ಬೀಜಕ್ಕೆ ಹಚ್ಚುವ ಔಷಧದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಾಸ್‌ಪೋರ್ಟಿನ ಅವಧಿ ಎಂದೋ ಮುಗಿದಿತ್ತು, ವಾಸನೆಯ ಅವಧಿ ಮುಗಿದಿರಲಿಲ್ಲ. ಅದರ ಬೆನ್ನಿಗೇ ಮಗ್ಗಲ ಅಂಗಡಿಯ ಅಣ್ಣಾರು ನೆನಪಾದರು...

ರಾಣೇಬೆನ್ನೂರಿನಲ್ಲಿ ನಮ್ಮಿಬ್ಬರದೂ ಬೀಜದ ಅಂಗಡಿ, ನಡುವೆ ಒಂದೇ ಗೋಡೆ. ಅವರ ತಂದೆ ಹಾವೇರಿಯ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಅಣ್ಣಾರಿಗೆ ಆ ವಿದ್ಯೆಯೂ ಬಂದಿತ್ತು, ಅದರ ಜೊತೆ ಒಂದು ಚಟವೂ ಅಂಟಿತ್ತು: ಮೊದಲು ಕೇಳಿದ ದರಕ್ಕೆ ಒಪ್ಪಬಾರದು. ಮನೆಗೆ ಬೇಕಾದ ಮೆಣಸಿನಕಾಯಿಗೆ ಬ್ಯಾಡಗಿಗೆ ಹೋದರೂ ಇಡೀ ಪೇಟೆ ಸುತ್ತುವರು, ಕೊನೆಗೆ ಮೊದಲು ಕೇಳಿದ ಅಂಗಡಿಗೇ ಬಂದು ಕೊಳ್ಳುವರು. ಅಷ್ಟರಲ್ಲಿ ವೈನಿ, ಅಂದರೆ ಅವರ ಹೆಂಡತಿ, ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು ಸುಸ್ತಾಗಿರುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹತ್ತಿ ಬೀಜ ಹೆಚ್ಚು ಮಾರಿದ ಅಂಗಡಿಕಾರರನ್ನು ಕಂಪನಿಯೊಂದು ಸಿಂಗಪುರಕ್ಕೆ ಕರೆದೊಯ್ಯುವುದೆಂದಾಯಿತು. ನಾನು ಹೊರಟೆ, ಅಣ್ಣಾರು ಮತ್ತು ವೈನಿಯೂ ಹೊರಟರು. ಕುಪ್ಪೇಲೂರಿನಲ್ಲಿ ಹುಟ್ಟಿ ಬೆಳೆದ ವೈನಿ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ.

"ನನಗ ಸೀರಿ ಬ್ಯಾಡ, ಸೆಂಟ್ ಬ್ಯಾಡ. ಒಮ್ಮಿ ಹಡಗಿನ್ಯಾಗ ಕುಂತು ಸಮುದ್ರದ ಮ್ಯಾಲೆ ಹೋಗಿ ಬಂದ್ರ ಸಾಕು ನೋಡ್ರಿ," ಅಂದಿದ್ದರು ನನ್ನ ಮುಂದೆ.

ಅಣ್ಣಾರ ಧ್ಯಾನವೆಲ್ಲ ಅಲ್ಲಿ ಬದಲಿಸಿಕೊಳ್ಳಲು ಒಯ್ಯಬೇಕಾದ ಅಮೆರಿಕದ ಡಾಲರಿನ ಮೇಲೆ. ನಮ್ಮೂರಲ್ಲಿ ಅದು ಸಿಗುತ್ತಿರಲಿಲ್ಲವಾದ್ದರಿಂದ ಹುಬ್ಬಳ್ಳಿಯ ಏಜೆಂಟನಿಗೆ ದಿನಾ ಫೋನು. ನೀವು ಕೊಡುವ ದರವೆಷ್ಟು, ತಿರುಗಿ ತೆಗೆದುಕೊಳ್ಳುವ ದರವೆಷ್ಟು, ಎರಡನ್ನೂ ಹೇಳಿ ಎಂದು ಪಟ್ಟು ಹಿಡಿಯುವರು. ನಡುವಿನ ಅಂತರ ದೊಡ್ಡದಿದ್ದರೆ, ಕಮಿಷನ್ ಇಲ್ಲ ಎನ್ನುವವನನ್ನೂ ನಂಬಬಾರದು ಎಂಬುದು ಅವರ ವಾದ. ವಾದವೇನೋ ಸರಿಯಾಗಿಯೇ ಇತ್ತು. ಮಡಿಕೆ ಬಿದ್ದ ನೋಟಿಗೆ ಅಲ್ಲಿ ಬೆಲೆ ಕಡಿಮೆ ಎಂದು ಯಾರೋ ಅಂದದ್ದಕ್ಕೆ ಡಾಲರುಗಳನ್ನು ನಮ್ಮ ಪಾಸ್‌ಪೋರ್ಟುಗಳ ನಡುವೆ ಇಟ್ಟು, ಮೇಲೆ ಬೀಜದ ಚೀಲ ಹೇರಿಟ್ಟರು. ಹೀಗಾಗಿ ನಾವೂ ನಮ್ಮ ಡಾಲರುಗಳೂ ಔಷಧದ ವಾಸನೆ ಹೊತ್ತೇ ವಿಮಾನ ಹತ್ತಿದೆವು.

ಇಳಿದ ಕೂಡಲೇ ವಿಮಾನ ನಿಲ್ದಾಣದಲ್ಲೇ ಒಂದಷ್ಟು ಬದಲಿಸಿಕೊಳ್ಳೋಣ ಎಂದೆ. "ಹುಚ್ಚದೀಯೇನು ತಮ್ಮಾ? ಈ ಜಾಗಾದ ಬಾಡಿಗಿನೂ ನಮ್ಮ ಕಡಿಂದನ ವಸೂಲ್ ಮಾಡ್ತಾರ," ಎಂದು ಅಣ್ಣಾರು ಎಳೆದುಕೊಂಡು ಹೋದರು. ಕಂಪನಿಯವರೇ ಉಣಿಸಿ, ತಿರುಗಾಡಿಸುತ್ತಿದ್ದರಿಂದ ರೊಕ್ಕದ ಗರಜೂ ಬೀಳಲಿಲ್ಲ. ಕೊನೆಯ ದಿನ ಮಧ್ಯಾಹ್ನ ಮಾತ್ರ ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರು. ಬೆಳಗಾದರೆ ವಾಪಸ್ಸು. ಹಡಗಿನ ಟಿಕೆಟ್ಟಿಗೆ ಅಲ್ಲಿಯ ರೊಕ್ಕವೇ ಬೇಕು, ಮತ್ತು ಸಂಜೆಯದೇ ಕೊನೆಯ ಹಡಗು.

ದಂಡೆಯ ಹತ್ತಿರ ರೊಕ್ಕ ಬದಲಿಸುವ ಅಂಗಡಿಗಳು ಸಾಲಾಗಿದ್ದವು. ಅಣ್ಣಾರು ಒಂದೊಂದರಲ್ಲೂ ದರ ಕೇಳಿ, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಹಿಂದೆ ನಾವು. ಒಂದು ಅಂಗಡಿಯಲ್ಲಿ ತಮಿಳು ಮಾತಾಡುವ ಮುದುಕನೊಬ್ಬ ಕೂತಿದ್ದ. ನಮ್ಮ ಕಡೆಯ ಮುಖ ಕಂಡು ಅಣ್ಣಾರಿಗೆ ಏನನ್ನಿಸಿತೋ, ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಕಿಟಕಿಯೊಳಗೆ ಚಾಚಿಯೇಬಿಟ್ಟರು. ಪಾಪ, ಕೈಗೆ ಪೆಟ್ಟಾಗಿದೆ ಎಂದುಕೊಂಡ ಆತ ಗಾಬರಿಯಾಗಿ ಎದ್ದು, ಒಳಗಿಂದ ಹತ್ತಿ ಮತ್ತು ಬ್ಯಾಂಡೇಜ್ ತಂದ.

ನಾನು ನಗು ತಡೆಯಲಾರದೆ ಗೋಡೆ ಹಿಡಿದು ನಿಂತೆ. ಅಣ್ಣಾರು ಮಾತ್ರ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಇವಗ ಯಾಪಾರ ಗೊತ್ತಿಲ್ಲ. ನಡೀರಿ, ಇನ್ನೊಂದ ಅಂಗಡಿ ಕೇಳೂಣು," ಅಂದರು.

ವೈನಿ ನಗಲಿಲ್ಲ. ಅತ್ತ ಹಡಗಿಗೆ ಜನ ಹತ್ತತೊಡಗಿದ್ದರು. ಅದನ್ನೊಮ್ಮೆ ನೋಡಿದರು, ಗಂಡನನ್ನೊಮ್ಮೆ ನೋಡಿದರು. "ನಾವು ದನಾ ಮಾರಾಕ ಬಂದಿಲ್ರಿ," ಎಂದವರೇ ತಮ್ಮ ಬ್ಯಾಗಿನಿಂದ ಡಾಲರ್ ನೋಟು ತೆಗೆದು ಮುದುಕನ ಮುಂದಿಟ್ಟರು. ಆತ ನೋಟನ್ನು ಮೂಸಿ ಮುಖ ಕಿವುಚಿದ, ಆದರೂ ತೆಗೆದುಕೊಂಡ. ಅವನು ಕೊಟ್ಟದ್ದನ್ನು ಎಣಿಸದೆ ಮುಷ್ಟಿಯಲ್ಲಿ ಹಿಡಿದುಕೊಂಡು ವೈನಿ ನಡೆದೇಬಿಟ್ಟರು. ನಾವಿಬ್ಬರೂ ಹಿಂದೆ ಓಡಿದೆವು.

ಹಡಗು ಹೊರಟ ಮೇಲೂ ಅಣ್ಣಾರು ಬೆರಳು ಮಡಚುತ್ತ ಎಷ್ಟು ಲುಕ್ಸಾನಾಯಿತೆಂದು ಗೊಣಗುತ್ತಿದ್ದರು. ವೈನಿ ಕಂಬಿ ಹಿಡಿದು ನಿಂತಿದ್ದರು. ದಂಡೆ ದೂರವಾಗಿ ಸುತ್ತಲೂ ನೀರೇ ನೀರಾದಾಗ ತಿರುಗಿ, "ಇಷ್ಟ ನೀರು ಎಲ್ಲಿಂದ ಬಂತ್ರಿ?" ಎಂದು ಗಂಡನನ್ನು ಕೇಳಿದರು. ಅಣ್ಣಾರು ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು, ಬೆರಳು ಮಡಚುವುದು ಅಲ್ಲಿಗೆ ನಿಂತಿತು. ಅಷ್ಟು ಸುಖದ ಸಂಜೆಗಳು ನನ್ನ ಪಾಲಿಗೂ ಹೆಚ್ಚಿಲ್ಲ.

ಮುಂದೆ ಕೆಲವೇ ವರ್ಷಗಳಲ್ಲಿ ವೈನಿ ಹೋಗಿಬಿಟ್ಟರು. ಎದೆನೋವು ಅಂದವರನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನಕರ್ಮ ಕಳೆದು ಅಂಗಡಿ ತೆರೆದ ದಿನ ಅಣ್ಣಾರು ನನ್ನಲ್ಲಿಗೆ ಬಂದು ಕೂತರು. "ತಮ್ಮಾ, ಅವತ್ತ ಆಕಿ ನನ್ನ ಮಾತ ಕೇಳಿದ್ರ ಸಮುದ್ರಾ ನೋಡದನ ಹೋಗ್ತಿದ್ಲಲ್ಲೋ..." ಅಂದರು. ನಾನು ಚಹಾ ತರಿಸಿದೆ.

ಈಗ ಅಣ್ಣಾರೂ ಇಲ್ಲ. ಅವರ ಅಂಗಡಿಯಲ್ಲಿ ಯಾರೋ ಮೊಬೈಲ್ ಮಾರುತ್ತಾರೆ. ಮುಂದಿನ ತಿಂಗಳು ಹೆಂಡತಿಯನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಿನ್ನೆ ಅಂಗಡಿಯಿಂದಲೇ ಹುಬ್ಬಳ್ಳಿಗೆ ಫೋನ್ ಮಾಡಿ, ಡಾಲರಿನ ಎರಡೂ ದರ ಕೇಳಿ, ಆಗಲಿ ಕೊಡಿ ಎಂದುಬಿಟ್ಟೆ. "ಇನ್ನೊಂದ ಕಡೆ ಕೇಳಬಾರದಿತ್ತೇನ್ರಿ?" ಎಂದಳು ಊಟದ ಡಬ್ಬಿ ತಂದಿದ್ದ ಹೆಂಡತಿ. ದರ ಅಷ್ಟೇನೂ ಕೆಟ್ಟದಿರಲಿಲ್ಲ. ಆದರೂ ಗೋಡೆಯಾಚೆಯಿಂದ ಅಣ್ಣಾರು ಎದ್ದು ಬಂದು ನನ್ನನ್ನು ಬೈಯಬೇಕಿತ್ತು ಅನ್ನಿಸಿ, ಬಹಳ ಸಂಕಟವಾಯಿತು.