ಡಾಸಪ್ಪನ ಕಪ್ಪು ಪರದೆ

ಈಚೆಗೆ ಡಾಸ್ ಎಂಬ ಹಳೇ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ಯಾರಾದರೂ ಕೆಣಕಿದರೆ ನನ್ನ ಭಾವ ವಾದಕ್ಕೆ ಇಳಿಯುವುದಿಲ್ಲ. ಅಕ್ಕನ ಬೆರಳುಗಳ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ. ಮೊದಲು ಹೀಗಿರಲಿಲ್ಲ. ಬೀದಿಯವರು ಸುಮ್ಮನೆ ಅವರಿಗೆ ಡಾಸಪ್ಪ ಎಂದು ಹೆಸರಿಟ್ಟರೇ?

ಬಟ್ಟೆಯ ಮೇಲೆ ಹೆಸರು, ಲಾಂಛನ ಹೊಲಿದುಕೊಡುವ ಕಸೂತಿ ಅಂಗಡಿ ಅವರದು. ಮೂಲೆಯಲ್ಲಿ ಕಸೂತಿ ಯಂತ್ರ, ಪಕ್ಕದಲ್ಲಿ ಹಳದಿಗಟ್ಟಿದ ಕಂಪ್ಯೂಟರ್, ಅದರಲ್ಲಿ ಡಾಸ್. ಮೌಸಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಸರಿಯಾದ ಆಜ್ಞೆ ಟೈಪಿಸಿದರೆ ಯಂತ್ರ ಹೊಲಿಯುತ್ತದೆ, ಇಲ್ಲದಿದ್ದರೆ ಮಿಸುಕುವುದಿಲ್ಲ. ಆಜ್ಞೆಗಳೆಲ್ಲ ಭಾವನ ತಲೆಯಲ್ಲಿ.

ನಾನು ಹೊಸ ಕಂಪ್ಯೂಟರ್ ಮಾರುವವನು. ಅಂಗಡಿಗೆ ಹೋದವನು ಅವರನ್ನು ಕೆಣಕದೆ ಬಂದದ್ದೇ ಇಲ್ಲ.

"ಭಾವ, ಆರುನೂರ ನಲವತ್ತು ಕೆಬಿ ಮೆಮೊರಿಯಲ್ಲಿ ಇನ್ನೂ ಎಷ್ಟು ದಿನ ಸಂಸಾರ?"

"ಯಾವ ಕಾಲದ ಮಾತಯ್ಯ ಅದು! ಆ ಗಡಿ ದಾಟೋ ದಾರಿ ಬಂದು ಯುಗ ಆಯ್ತು. ನಿನ್ನ ದೂರುಗಳು ನನ್ನ ಕಂಪ್ಯೂಟರಿಗಿಂತ ಹಳೇವು."

"ಫೈಲಿಗೆ ಎಂಟೇ ಅಕ್ಷರದ ಹೆಸರು?"

"ಈಗ ಉದ್ದ ಹೆಸರೂ ಇಡಬಹುದು. ಜನ ಇವತ್ತಿಗೂ ಕೂತು ಡಾಸ್ ತಿದ್ದುತ್ತಾ ಇದಾರೆ. ನೀನು ಓದಲ್ಲ, ಅಷ್ಟೇ."

"ಒಂದು ಸಲಕ್ಕೆ ಒಂದೇ ಕೆಲಸ ಅಲ್ವಾ?"

"ಮತ್ತೆ? ಕಾಲರ್ ಹೊಲಿಯುವಾಗ ಅದು ಸಿನಿಮಾನೂ ನೋಡ್ಬೇಕಾ?"

ಹೇಳುವುದೆಲ್ಲ ನಿಜ, ಅದೇ ನನ್ನ ಹೊಟ್ಟೆಯುರಿ.

ಅಕ್ಕನದೂ ಒಂದು ದೂರಿತ್ತು. ಅವಳು ಯಂತ್ರಕ್ಕೆ ದಾರ ಪೋಣಿಸಿ, ಬಟ್ಟೆಯನ್ನು ರಿಂಗಿಗೆ ಬಿಗಿದು ಕೊಡುವವಳು. "ರೀ, ಈ ಕಪ್ಪು ಪರದೆ ನಂಗೊಂದೂ ಅರ್ಥ ಆಗಲ್ಲ. ನೀವಿಲ್ಲದಾಗ ನಾನೂ ಓಡಿಸೋ ಹಾಗೆ ಏನಾದ್ರೂ ಮಾಡಿ" ಎನ್ನುತ್ತಿದ್ದಳು.

ಭಾವ ಅದನ್ನೂ ನನ್ನ ದೂರುಗಳ ಜೊತೆಗೇ ಸೇರಿಸಿದರು. "ಅದೂ ಹಳೇ ಆಕ್ಷೇಪಣೆನೇ. ಒಂದು ಮೆನು ಬರೆದ್ರೆ ಮುಗೀತು, ಅಂಕಿ ಒತ್ತಿದ್ರೆ ಕೆಲಸ ಶುರು. ಡಾಸಿನಲ್ಲಿ ಅದೇನು ಮಹಾ!" ವಾದ ಗೆದ್ದ ಖುಷಿಯಲ್ಲಿ ಮೆನು ಬರೆಯುವುದು ಮಾತ್ರ ಮರೆತುಹೋಗುತ್ತಿತ್ತು. ಅಕ್ಕ ಕೇಳುತ್ತಲೇ ಇದ್ದಳು, ಭಾವ ಗೆಲ್ಲುತ್ತಲೇ ಇದ್ದರು.

ಹೋದ ತಿಂಗಳು ಅವರಿಗೆ ಅಪೆಂಡಿಕ್ಸ್ ಆಗಿ ತುರ್ತಾಗಿ ಆಪರೇಷನ್ ಮಾಡಬೇಕಾಯಿತು. ಅಂಗಡಿಯಲ್ಲಿ ನರ್ಸಿಂಗ್ ಶಾಲೆಯ ಬಿಳಿ ಕೋಟುಗಳ ರಾಶಿ ಬಿದ್ದಿತ್ತು. ಒಂದೊಂದರ ಜೇಬಿನ ಮೇಲೂ ಒಬ್ಬೊಬ್ಬ ಹುಡುಗಿಯ ಹೆಸರು ಬರಬೇಕು, ಅದೂ ವಾರದೊಳಗೆ. ಅಕ್ಕ ನನಗೆ ಈ ವಿಷಯ ಹೇಳಲೇ ಇಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಭಾವನನ್ನು ಕರೆತಂದವನು ನಾನೇ. ಮೊದಲು ಅಂಗಡಿ, ಆಮೇಲೆ ಮನೆ ಎಂದು ಹಟ ಹಿಡಿದರು. ಒಳಗೆ ಹೋದರೆ ಯಂತ್ರಕ್ಕೆ ಹಳೇ ಬೆಡ್‌ಶೀಟ್ ಹೊದಿಸಿತ್ತು. ಪಕ್ಕದಲ್ಲೇ ಅಕ್ಕ ಸ್ಟೂಲಿನ ಮೇಲೆ ಕೂತು ಕೈಸೂಜಿಯಲ್ಲಿ ಹೆಸರು ಹೊಲಿಯುತ್ತಿದ್ದಳು. ಸೂಜಿ ಚುಚ್ಚಿದ ರಕ್ತ ಬಿಳಿ ಕೋಟಿಗೆ ತಾಗದಿರಲಿ ಎಂದು ಬೆರಳುಗಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದಳು.

"ಯಂತ್ರ ಯಾವಾಗ ಕೆಟ್ಟಿತು?" ಭಾವ ಕೇಳಿದರು.

"ಕೆಟ್ಟಿಲ್ಲ. ಶಾಲೆಯವರಿಗೆ ಹಾಗಂತ ಹೇಳಿದೀನಿ. ನಂಗೆ ಓಡಿಸೋಕೆ ಬರಲ್ಲ ಅಂದ್ರೆ ನಿಮ್ಮ ಡಾಸಿನ ಮೇಲೆ ಮಾತು ಬರುತ್ತೆ. ಇವನಿಗೆ ಹೇಳಿದ್ರೆ ಆಡ್ಕೋತಾನೆ."

ಭಾವನ ಮುಖ ಕಪ್ಪಿಟ್ಟಿತು. ಹೊಟ್ಟೆಯ ಹೊಲಿಗೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಕಂಪ್ಯೂಟರ್ ಮುಂದೆ ಕೂತರು. ನಾನು ಪಕ್ಕದ ಅಂಗಡಿಯಿಂದ ಚಹಾ ತಂದಿಟ್ಟೆ. ಅವರು ಮುಟ್ಟಲಿಲ್ಲ.

"ತಪ್ಪು ಮಾಡ್ಬಿಟ್ಟೆ ಕಣೆ" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಈ ಮೆನು ಯಾವಾಗಲೋ ಬರೀಬಹುದಿತ್ತು. ನಾನಿಲ್ಲದೆ ಅಂಗಡಿ ನಡೀಬಾರದು ಅಂತ ಒಳಗೊಳಗೇ ಇತ್ತೇನೋ."

ಅಕ್ಕ ದಾರ ಕತ್ತರಿಸಿದಳು.

ಚಹಾ ಆರುವುದರೊಳಗೆ ಮೆನು ಮುಗಿದಿತ್ತು. ಅಕ್ಕ ಬೆಡ್‌ಶೀಟ್ ಎಳೆದು, ಕೋಟೊಂದನ್ನು ರಿಂಗಿಗೆ ಬಿಗಿದು, ಅದರ ಹುಡುಗಿಯ ಹೆಸರು ಟೈಪಿಸಿ, ಒಂದನೇ ಅಂಕಿ ಒತ್ತಿದಳು. ಯಂತ್ರ ಟಕಟಕ ಹೊಲಿಯತೊಡಗಿತು. ಅವಳು ಜೇಬಿನ ಮೇಲೆ ಮೂಡುತ್ತಿದ್ದ ಅಕ್ಷರಗಳನ್ನೂ ತನ್ನ ಬೆರಳುಗಳನ್ನೂ ನೋಡಿಕೊಂಡಳು. ಆಮೇಲೆ ಭಾವನ ಕಡೆ ತಿರುಗಿದಳು.

"ಇಷ್ಟೇನಾ?"

ಡಾಸ್ ಬಗ್ಗೆ ಯಾರು ಏನೇ ಕೇಳಿದರೂ ಭಾವನ ಬಳಿ ಉತ್ತರವಿರುತ್ತಿತ್ತು. ಆ ದಿನ ಅವರು ತಲೆ ತಗ್ಗಿಸಿ, ರಾಶಿಯಿಂದ ಮುಂದಿನ ಕೋಟು ತೆಗೆದು ಅವಳ ಕೈಗೆ ಕೊಟ್ಟರು.